ಸುಸ್ತಿಗೆ ಆಂಟಿಆಕ್ಸಿಡೆಂಟ್ ಕೇಳುವ ಮುನ್ನ

ನಲವತ್ತು ದಾಟಿದ ಮಹಿಳೆಯರು ‘ಸುಸ್ತು’ ಎಂದು ನನ್ನ ಕ್ಲಿನಿಕ್ಕಿಗೆ ಬಂದು ಕುಳಿತಾಗ ಅವರ ಕೈಚೀಲದಿಂದ ಹೊರಬರುವ ಡಬ್ಬಿಗಳನ್ನು ಕಂಡು ನನಗೇ ಅರ್ಧ ಸುಸ್ತಾಗುತ್ತದೆ. ದ್ರಾಕ್ಷಿ ಬೀಜದ ಸತ್ವ, ಗ್ಲುಟಾಥಯೋನ್, ವಿಟಮಿನ್ ಇ, ಜೀವಕೋಶಗಳಿಗೆ ಮರುಹುಟ್ಟು ಕೊಡುತ್ತೇವೆಂದು ಬರೆದುಕೊಂಡ ಪುಡಿ. ಹೇಳಿದವರು ನಾದಿನಿ, ಪಕ್ಕದ ಮನೆಯವರು, ಇಲ್ಲವೇ ಮೊಬೈಲಿಗೆ ಬಂದ ಒಂದು ವಿಡಿಯೊ. ಇಷ್ಟೆಲ್ಲ ಕೊಂಡವರಲ್ಲಿ ಅನೇಕರು ಹಿಮೊಗ್ಲೋಬಿನ್ ಪರೀಕ್ಷೆಯನ್ನು ಮಾತ್ರ ಮಾಡಿಸಿರುವುದಿಲ್ಲ.

ಈ ಡಬ್ಬಿಗಳೆಲ್ಲ ಬರುವುದು ಆಂಟಿಆಕ್ಸಿಡೆಂಟ್ ಎಂಬ ಹೆಸರಿನಲ್ಲಿ. ಆಂಟಿಆಕ್ಸಿಡೆಂಟ್ ಎಂದರೆ ಜೀವಕೋಶಕ್ಕೆ ಹಾನಿ ಮಾಡಬಲ್ಲ ಫ್ರೀ ರಾಡಿಕಲ್ ಎಂಬ ಚುರುಕು ಕಣಗಳನ್ನು ಅಡಗಿಸುವ ವಸ್ತು, ಶಕ್ತಿ ಕೊಡುವ ವಸ್ತುವಲ್ಲ. ಇದನ್ನು ನಾನು ದಿನವೂ ಹೇಳುತ್ತೇನೆ, ಇಲ್ಲಿಯೂ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಜೀವಕೋಶದ ಶಕ್ತಿಯಲ್ಲಿ ಬಹುಪಾಲು ತಯಾರಾಗುವುದು ಅದರೊಳಗಿನ ಪುಟ್ಟ ಒಲೆಯಂಥ ಮೈಟೊಕಾಂಡ್ರಿಯದಲ್ಲಿ. ಅಲ್ಲಿಗೆ ಆಮ್ಲಜನಕವನ್ನು ತಲುಪಿಸುವ ಹಿಮೊಗ್ಲೋಬಿನ್‌ಗೂ ಕಬ್ಬಿಣ ಬೇಕು, ಒಳಗೆ ಎಲೆಕ್ಟ್ರಾನುಗಳನ್ನು ಕೈಯಿಂದ ಕೈಗೆ ದಾಟಿಸುವ ಸೈಟೊಕ್ರೋಮ್ ಎಂಬ ಪ್ರೋಟೀನುಗಳಿಗೂ ಕಬ್ಬಿಣ ಬೇಕು. ಈ ಕೆಲಸದ ನಡುವೆ ಹುಟ್ಟುವ ಫ್ರೀ ರಾಡಿಕಲ್‌ಗಳನ್ನು ಅಡಗಿಸಲು ದೇಹ ತನ್ನದೇ ಕಿಣ್ವಗಳನ್ನು ಇಟ್ಟುಕೊಂಡಿದೆ; ಅವುಗಳಲ್ಲೊಂದಾದ ಕ್ಯಾಟಲೇಸ್‌ನ ಒಡಲಲ್ಲಿರುವುದೂ ಕಬ್ಬಿಣವೇ. ಒಲೆಯಲ್ಲಿ ಸೌದೆಯೇ ಇಲ್ಲದಿರುವಾಗ ಹೊಗೆಗೂಡನ್ನು ತೊಳೆಯುತ್ತ ಕುಳಿತರೆ ಅನ್ನ ಬೇಯುವುದಿಲ್ಲ.

ಪ್ರೌಢಶಾಲೆಯ ಶಿಕ್ಷಕಿಯೊಬ್ಬರು ಎರಡನೆಯ ಮಹಡಿಯ ತರಗತಿಗೆ ಹತ್ತುವಾಗ ನಡುವೆ ಕಿಟಕಿಯ ಸರಳು ಹಿಡಿದು ನಿಲ್ಲಬೇಕಾಗುತ್ತದೆ ಎಂದು ಬಂದಿದ್ದರು. ಮುಟ್ಟು ಹೇಗಿದೆ ಎಂದರೆ ‘ನಾರ್ಮಲ್ ಡಾಕ್ಟ್ರೇ’ ಎಂಬ ಉತ್ತರ. ನಾನು ಈ ಉತ್ತರವನ್ನು ನಂಬುವುದಿಲ್ಲ. ಬಿಡಿಸಿ ಕೇಳಿದಾಗ ಹೊರಬಂದದ್ದು ಇಷ್ಟು: ಎರಡೆರಡು ಪ್ಯಾಡ್ ಒಟ್ಟಿಗೆ ಇಟ್ಟುಕೊಂಡರೂ ಶಾಲೆಯ ಎರಡು ಪಾಠದ ಅವಧಿಗಿಂತ ಹೆಚ್ಚು ತಡೆಯದು, ಗಡ್ಡೆಗಡ್ಡೆಯಾಗಿ ಹೋಗುತ್ತದೆ, ಆ ದಿನಗಳಲ್ಲಿ ತಿಳಿಬಣ್ಣದ ಸೀರೆ ಉಡುವುದನ್ನೇ ಬಿಟ್ಟಿದ್ದಾರೆ. ‘ನಿಲ್ಲೋ ಕಾಲ ಅಲ್ವಾ, ನಮ್ಮಮ್ಮನಿಗೂ ಹೀಗೇ ಇತ್ತು’ ಎಂದರು. ಹೆಂಗಸರಲ್ಲಿ ಕನಿಷ್ಠ 12 ಇರಬೇಕಾದ ಹಿಮೊಗ್ಲೋಬಿನ್ 8.2 ಇತ್ತು, ಸ್ಕ್ಯಾನಿಂಗಿನಲ್ಲಿ ಗರ್ಭಕೋಶದ ಗೆಡ್ಡೆ ಕಂಡಿತು. ಹಿಂದೊಮ್ಮೆ ಕೊಟ್ಟಿದ್ದ ಕಬ್ಬಿಣದ ಮಾತ್ರೆಯನ್ನು ‘ಉಷ್ಣ’ವೆಂದೂ ಮಲ ಕಪ್ಪಾಗುತ್ತದೆಂದೂ ನಿಲ್ಲಿಸಿ, ಅದರ ಹತ್ತಾರು ಪಟ್ಟು ಬೆಲೆಯ ಪುಡಿಯನ್ನು ಹಾಲಿಗೆ ಬೆರೆಸಿ ಕುಡಿಯುತ್ತಿದ್ದರು. ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜ, ಮಲಬದ್ಧತೆಯಾದರೆ ಮಾತ್ರೆಯನ್ನು ಬದಲಿಸಬಹುದು. ಹೇಳದೆ ನಿಲ್ಲಿಸುವುದೊಂದೇ ದಾರಿಯಲ್ಲ. ಮನೆಮಂದಿಗೆಲ್ಲ ಬಡಿಸಿ ಕೊನೆಗೆ ಉಣ್ಣುವ ಈ ತಾಯಂದಿರ ಮೇಲೆ ಕೋಪ ಮಾಡಿಕೊಳ್ಳಬೇಕೆಂದರೂ ಆಗುವುದಿಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಹಿಮೊಗ್ಲೋಬಿನ್ 12 ದಾಟಿದ ಮಾತ್ರಕ್ಕೆ ನಿಶ್ಚಿಂತರಾಗುವಂತೆಯೂ ಇಲ್ಲ. ದೇಹದ ಕಬ್ಬಿಣದ ದಾಸ್ತಾನನ್ನು ತೋರಿಸುವ ಫೆರಿಟಿನ್, ಹಿಮೊಗ್ಲೋಬಿನ್ ಇಳಿಯುವ ಮೊದಲೇ ಕುಸಿದಿರಬಹುದು. ಸೋಂಕು, ಉರಿಯೂತಗಳಿದ್ದಾಗ ಅದೇ ಫೆರಿಟಿನ್ ಹುಸಿಯಾಗಿ ಏರಿರುವುದೂ ಉಂಟು, ಆದ್ದರಿಂದ ಅದನ್ನು ಒಂಟಿಯಾಗಿ ಓದಬಾರದು. ಸುಸ್ತಿಗೆ ಬೇರೆ ಕಾರಣಗಳೂ ಇರುತ್ತವೆ: ಥೈರಾಯ್ಡ್, ಸಕ್ಕರೆ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ನುಂಗುವವರಲ್ಲಿಯೂ ಸಸ್ಯಾಹಾರಿಗಳಲ್ಲಿಯೂ ಬಿ12, ಮೈ ಬಿಸಿಯೇರಿ ಬೆವರಿ ಕೆಡುವ ನಿದ್ದೆ, ಮನಸ್ಸಿನ ಖಿನ್ನತೆ, ಇವನ್ನೆಲ್ಲ ನಾವು ಹೇಗೂ ನೋಡುತ್ತೇವೆ.

‘ತಿಂದರೆ ನಷ್ಟವೇನು?’ ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಫಿನ್‌ಲೆಂಡಿನಲ್ಲಿ ಧೂಮಪಾನಿ ಗಂಡಸರಿಗೆ ಬೀಟಾ ಕ್ಯಾರೊಟಿನ್ ಎಂಬ ಆಂಟಿಆಕ್ಸಿಡೆಂಟಿನ ಮಾತ್ರೆ ಕೊಟ್ಟು ನಡೆಸಿದ ದೊಡ್ಡ ಅಧ್ಯಯನವೊಂದರ ಫಲಿತಾಂಶ 1994ರಲ್ಲಿ ಪ್ರಕಟವಾಯಿತು. ಮಾತ್ರೆ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಗಿತ್ತು. ಅದನ್ನು ನಮ್ಮ ಗೃಹಿಣಿಯರಿಗೆ ನೇರವಾಗಿ ಅನ್ವಯಿಸಲಾಗದು, ಆದರೆ ಆಂಟಿಆಕ್ಸಿಡೆಂಟ್ ಎಂದ ಮೇಲೆ ಕೇಡಾಗದು ಎಂಬ ನಂಬಿಕೆಯಂತೂ ಅಲ್ಲಿಗೆ ಉಳಿಯಲಿಲ್ಲ. ನಮಗೆ ಹತ್ತಿರದ ತೊಂದರೆ ಬಯೋಟಿನ್ ಎಂಬ ಬಿ ವಿಟಮಿನ್ನಿನದು. ಕೂದಲು, ಚರ್ಮದ ಹೆಸರಿನಲ್ಲಿ ಮಾರುವ ಎಷ್ಟೋ ಮಾತ್ರೆಗಳಲ್ಲಿ ಅದು ಧಾರಾಳವಾಗಿರುತ್ತದೆ, ಪ್ರಯೋಗಾಲಯದ ಕೆಲವು ಪರೀಕ್ಷಾವಿಧಾನಗಳಲ್ಲಿ ಅಡ್ಡಬಂದು, ಥೈರಾಯ್ಡ್ ಸ್ಥಿತಿ ತಿಳಿಯಲು ಅಳೆಯುವ ಟಿಎಸ್‌ಎಚ್ ಹಾರ್ಮೋನು ಕಡಿಮೆ ಇರುವಂತೆ ತೋರಿಸುತ್ತದೆ. ಥೈರಾಯ್ಡ್ ಸರಿಯಿದ್ದವರು ಹೀಗೆ ರೋಗಿಯಾಗಬಹುದು, ರೋಗವಿದ್ದವರು ಸರಿಯಾಗಿ ಕಾಣಬಹುದು. ರಕ್ತ ಕೊಡುವ ಮೊದಲು ನೀವು ನುಂಗುತ್ತಿರುವ ಡಬ್ಬಿಗಳ ಹೆಸರನ್ನು ವೈದ್ಯರಿಗೆ ಹೇಳಿ. ಕನಿಷ್ಠ ಎರಡು ದಿನ ನಿಲ್ಲಿಸಿ ಬರಲು ಅವರು ಹೇಳಬಹುದು.

ತರಕಾರಿ, ಹಣ್ಣು, ನೆಲ್ಲಿಕಾಯಿಗಳ ಬಗ್ಗೆ ನನ್ನ ತಕರಾರಿಲ್ಲ. ಸೊಪ್ಪಿನ ಪಲ್ಯಕ್ಕೆ ಹಿಂಡಿದ ನಿಂಬೆಹಣ್ಣು ಕಬ್ಬಿಣ ಹೀರಲು ನೆರವಾಗುತ್ತದೆ, ಊಟವಾದ ಕೂಡಲೇ ಕುಡಿಯುವ ಕಾಫಿ, ಚಹಾ ಅದನ್ನು ತಡೆಯುತ್ತವೆ. ಕ್ಯಾಲ್ಸಿಯಂ ಮಾತ್ರೆಯನ್ನು ಕಬ್ಬಿಣದ ಜೊತೆ ಸೇರಿಸಬೇಡಿ, ಥೈರಾಯ್ಡ್ ಮಾತ್ರೆಗೂ ಇವೆರಡಕ್ಕೂ ನಾಲ್ಕು ಗಂಟೆಯ ಅಂತರವಿರಲಿ. ಮುಟ್ಟು ಪೂರ್ತಿ ನಿಂತವರಲ್ಲಿ ಕಬ್ಬಿಣ ಕಡಿಮೆಯಾಗಿದ್ದರೆ ಮಾತ್ರೆ ಬರೆದು ಕಳುಹಿಸುವುದಷ್ಟೇ ಸಾಲದು. ರಕ್ತ ಹೊಟ್ಟೆ, ಕರುಳುಗಳಲ್ಲಿ ಎಲ್ಲಾದರೂ ಸೋರುತ್ತಿದೆಯೇ ಎಂದು ನೋಡಬೇಕಾಗುತ್ತದೆ. ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಮುಂದಿನ ಹಬ್ಬ ಮುಗಿಯಲಿ ಎಂದು ಕಾಯದೆ ಆ ವಾರವೇ ಸ್ತ್ರೀರೋಗ ತಜ್ಞರಿಗೆ ತೋರಿಸಿ.