ಬೆರಳಲ್ಲಿರುವ ಹವಳ ಕಲ್ಲಲ್ಲ

ಚಿಕ್ಕಪೇಟೆಯಲ್ಲಿ ಹರಳು ಪರೀಕ್ಷೆ ಮಾಡುವ ನನ್ನ ಮೇಜಿಗೆ ಬರುವುದರಲ್ಲಿ ಹವಳವೇ ಜಾಸ್ತಿ. ಜಾತಕದಲ್ಲಿ ಕುಜ ಸರಿಯಿಲ್ಲ ಅಂತ ಯಾರೋ ಹೇಳಿರುತ್ತಾರೆ. "ಸಾರ್, ಇದು ಒರಿಜಿನಲ್ ಕಲ್ಲೇನಾ ನೋಡಿ" ಅಂತ ಪೊಟ್ಟಣ ಬಿಚ್ಚುತ್ತಾರೆ. ಕುಜನ ತಂಟೆಗೆ ನಾನು ಹೋಗುವುದಿಲ್ಲ. ಆದರೆ ಅದು ಕಲ್ಲಲ್ಲ, ಒಂದು ಪ್ರಾಣಿ ಕಟ್ಟಿಕೊಂಡ ಅಸ್ಥಿ. ಆ ಪ್ರಾಣಿ ಜೆಲ್ಲಿಫಿಶ್‌ಗೆ ನೆಂಟ. ಇಷ್ಟು ತಿಳಿದುಕೊಂಡರೆ ಅಸಲಿ ಯಾವುದು, ತೊಳೆಯುವುದು ಹೇಗೆ ಅನ್ನುವುದೆಲ್ಲ ತಾನಾಗಿ ಅರ್ಥವಾಗುತ್ತದೆ.

ಒಡವೆಯ ಕೆಂಪು ಹವಳಗಳಲ್ಲಿ ಹೆಸರುವಾಸಿಯಾದದ್ದು ಮೆಡಿಟರೇನಿಯನ್ ಸಮುದ್ರದ ಕೊರಾಲಿಯಂ ರುಬ್ರಂ. ಇಟಲಿಯ ಟೊರ್ರೆ ಡೆಲ್ ಗ್ರೆಕೊ ಊರಿನವರಿಗೆ ಅದನ್ನು ಕೆತ್ತಿ ಪಾಲಿಶ್ ಮಾಡುವುದೇ ತಲೆಮಾರುಗಳ ಕಸುಬು. ನೀರೊಳಗೆ ಅದು ಎಲೆ ಉದುರಿದ ಪುಟ್ಟ ಗಿಡದ ಹಾಗೆ ಬಂಡೆಗೆ ಅಂಟಿಕೊಂಡಿರುತ್ತದೆ. ಕೊಂಬೆಯ ಮೇಲೆ ತೆಳು ಕೆಂಪು ಚರ್ಮ. ಆ ಚರ್ಮದ ತುಂಬ ಬೆಳ್ಳಗಿನ ಪುಟಾಣಿ ಪಾಲಿಪ್‌ಗಳು, ಅಂದರೆ ಹವಳದ ಪ್ರಾಣಿಗಳು. ಒಂದೊಂದಕ್ಕೂ ಗರಿಯಂಥ ಎಂಟು ಕೈಗಳು, ನಡುವೆ ಒಂದೇ ಬಾಯಿ. ತಿನ್ನುವುದೂ ಅದರಿಂದಲೇ, ಕಸ ಹೊರಹಾಕುವುದೂ ಅದರಿಂದಲೇ. ಕೈಗಳಲ್ಲಿ ಕುಟುಕು ಕಣಗಳಿರುತ್ತವೆ. ಗೋಕರ್ಣದ ಸಮುದ್ರದಲ್ಲಿ ಜೆಲ್ಲಿಫಿಶ್ ತಾಗಿ ಕಾಲು ಉರಿಸಿಕೊಂಡವರಿಗೆ ಈ ಕಣಗಳ ಪರಿಚಯ ಇದ್ದೇ ಇರುತ್ತದೆ: ಒಳಗೆ ಸುರುಳಿ ಸುತ್ತಿದ ಸಣ್ಣ ದಾರ, ಏನಾದರೂ ತಾಗಿದರೆ ಸಿಡಿದು ಚುಚ್ಚುತ್ತದೆ. ನಾವು ಸಾಮಾನ್ಯವಾಗಿ ನೋಡುವ ಜೆಲ್ಲಿಫಿಶ್‌ಗಳಲ್ಲಿ ಹೆಚ್ಚಿನವು ಎಳೆಯ ವಯಸ್ಸಿನಲ್ಲಿ ಪಾಲಿಪ್ ಆಗಿದ್ದು ಆಮೇಲೆ ಈಜಲು ಹೊರಡುತ್ತವೆ. ಹವಳ ಒಮ್ಮೆ ಬಂಡೆ ಹಿಡಿದರೆ ಮುಗಿಯಿತು, ಕೊನೆವರೆಗೂ ಪಾಲಿಪ್ಪೇ.

ಇದನ್ನು ಗಿಡ ಅಂತ ನಂಬಿದ್ದು ದೊಡ್ಡ ದೊಡ್ಡ ವಿದ್ವಾಂಸರೇ. 1706ರಲ್ಲಿ ಇಟಲಿಯ ಮಾರ್ಸಿಲಿ ಆಗ ತಾನೇ ತೆಗೆದ ಕೊಂಬೆಯನ್ನು ಸಮುದ್ರದ ನೀರಲ್ಲಿಟ್ಟ. ಬಿಳಿ "ಹೂ" ಅರಳಿತು, ಒಂದೊಂದಕ್ಕೂ ಎಂಟು ಎಸಳು! ಗಿಡವೇ ಸರಿ ಅಂತ ಎಲ್ಲರೂ ಒಪ್ಪಿದರು. 1720ರ ದಶಕದಲ್ಲಿ ಪೇಸೊನೆಲ್ ಎಂಬ ಫ್ರೆಂಚ್ ವೈದ್ಯ, ಅದು ಹೂವಲ್ಲ, ಪ್ರಾಣಿ ಅಂದ. ಪ್ಯಾರಿಸ್ಸಿನ ವಿಜ್ಞಾನಿ ರೆಯೋಮ್ಯೂರ್‌ಗೆ ಅದು ಎಷ್ಟು ಹುಚ್ಚುಮಾತು ಅನ್ನಿಸಿತೆಂದರೆ, ಅದರ ಬಗ್ಗೆ ಬರೆಯುವಾಗ ಪಾಪ, ಅವನ ಮಾನ ಉಳಿಯಲಿ ಅಂತ ಹೆಸರನ್ನೇ ಬಿಟ್ಟುಬಿಟ್ಟ.

ಈಗ ಲೂಪ್ ಹಿಡಿಯೋಣ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಸಾಕು. ಅಸಲಿ ಹವಳದಲ್ಲಿ ಕೊಂಬೆಯ ಉದ್ದಕ್ಕೂ ನವಿರಾದ ಗೆರೆಗಳು ಒಂದರ ಪಕ್ಕ ಒಂದು ಓಡುತ್ತವೆ. ಅಡ್ಡ ಕತ್ತರಿಸಿದ ಕಡೆ ಬಳೆಬಳೆಯಾಗಿ ಬೆಳೆದ ಗುರುತು ಕಾಣುತ್ತದೆ. ಗಾಜಾದರೆ ಗುಳ್ಳೆ ಇರುತ್ತದೆ. ಪ್ಲಾಸ್ಟಿಕ್ ಕೈಗೆ ಹಗುರ. ನನಗೆ ತಲೆನೋವು ತರುವುದು ಬಿದಿರು ಹವಳ. ಅದೂ ಹವಳದ ದಾಯಾದಿಯೇ, ಬೆಳ್ಳಗಿರುತ್ತದೆ, ಕೆಂಪು ಬಣ್ಣದಲ್ಲಿ ಅದ್ದಿ ಮಾರುತ್ತಾರೆ. ಅದರ ಗೆರೆ ಒರಟು, ಬಣ್ಣ ಬಿರುಕಿನಲ್ಲಿ ಗಾಢವಾಗಿ ಕೂತಿರುತ್ತದೆ. ಅಸಿಟೋನ್‌ನಲ್ಲಿ ಅದ್ದಿದ ಹತ್ತಿಯಲ್ಲಿ ಒರೆಸಿದರೆ ಎಷ್ಟೋ ಸಲ ಹತ್ತಿ ಕೆಂಪಾಗುತ್ತದೆ.

ಕೆಲವರು ಆಸಿಡ್ ತೊಟ್ಟು ಬಿಟ್ಟು, ನೊರೆ ಬಂತು, ಅಸಲಿ ಅನ್ನುತ್ತಾರೆ. ಹವಳ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್‌ನಿಂದ, ನಿಜ. ಆದರೆ ಚಿಪ್ಪು, ಅಮೃತಶಿಲೆ, ಬಣ್ಣ ಹಾಕಿದ ಬಿದಿರು ಹವಳ ಎಲ್ಲವೂ ಅದರದೇ! ಎಲ್ಲಕ್ಕೂ ನೊರೆ ಬರುತ್ತದೆ. ಪರೀಕ್ಷೆ ಹೆಸರಲ್ಲಿ ಪಾಲಿಶ್ ಹೋಯಿತು, ಅಷ್ಟೇ.

ಮನೆಯಲ್ಲಿ ಆಗುವ ಎಡವಟ್ಟೂ ಇದೇ. ಹಬ್ಬದ ಹಿಂದಿನ ದಿನ ತಾಳಿ ಸರವನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಾರೆ. ಚಿನ್ನ ಫಳಫಳ ಹೊಳೆಯುತ್ತದೆ, ಪಕ್ಕದ ಹವಳದ ಮಣಿ ಮಂಕಾಗುತ್ತದೆ. ಹುಣಸೆ, ನಿಂಬೆ, ವಿನೆಗರ್ ಯಾವುದೂ ಬೇಡ. ಸೆಂಟು ಹಾಕಿಕೊಂಡ ಮೇಲೆ ಸರ ಹಾಕಿ. ಬೆವರಿದರೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಉಂಗುರ ರಿಪೇರಿಗೆ ಕೊಟ್ಟಾಗ, ಹವಳ ಬಿಚ್ಚಿಟ್ಟು ಬೆಂಕಿ ಹಿಡಿಯಿರಿ ಅಂತ ಅಕ್ಕಸಾಲಿಗೆ ಹೇಳಿ. ಗಡಸುತನದ ಹತ್ತರ ಅಳತೆಯಲ್ಲಿ ಹವಳ ಮೂರು ಮೂರೂವರೆ ಅಷ್ಟೇ, ವಜ್ರದ ಜೊತೆ ಒಂದೇ ಡಬ್ಬಿಯಲ್ಲಿಟ್ಟರೆ ಗೀರು ಬೀಳುತ್ತದೆ.

ಬೆಲೆ ಯಾಕಷ್ಟು ಅಂತ ಕೇಳುತ್ತಾರೆ. ಈ ಕೊಂಬೆ ವರ್ಷಕ್ಕೆ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಕೂಡ ದಪ್ಪವಾಗುವುದಿಲ್ಲ. ಉಂಗುರಕ್ಕೆ ಸಾಲುವ ಒಂದು ತುಂಡು ಆಗಲು ದಶಕಗಳೇ ಬೇಕು. ಮೊದಲು ಭಾರದ ಮರದ ಶಿಲುಬೆಗೆ ಬಲೆ ಕಟ್ಟಿ ಸಮುದ್ರದ ತಳದಲ್ಲಿ ಎಳೆದು ಕೀಳುತ್ತಿದ್ದರು. ಯುರೋಪಿನಲ್ಲಿ 1994ರಲ್ಲಿ ಅದನ್ನು ನಿಷೇಧಿಸಿದರು. ಆಮೇಲೆ ಬಿಸಿಲು ಕಾಡಿತು. 1999 ಮತ್ತು 2003ರ ಬೇಸಿಗೆಗಳಲ್ಲಿ ಮೆಡಿಟರೇನಿಯನ್ ನೀರು ಬಿಸಿಯಾಗಿ ಕೆಂಪು ಹವಳ ತುಂಬ ಕಡೆ ಸತ್ತಿತು.

ಅಂದ ಹಾಗೆ, ಅಂಡಮಾನ್ ಟ್ರಿಪ್‌ನಿಂದ ತಂದು ಶೋಕೇಸಲ್ಲಿಟ್ಟ ಬಿಳಿ ಹವಳದ ತುಂಡು ಬೇರೆ ಜಾತಿ, ಅದು ದಿಬ್ಬ ಕಟ್ಟುವ ಹವಳ. ನಮ್ಮ ವನ್ಯಜೀವಿ ಕಾಯ್ದೆ 2001ರಿಂದ ಅದಕ್ಕೆ ಹುಲಿಗೆ ಕೊಟ್ಟಷ್ಟೇ ರಕ್ಷಣೆ ಕೊಟ್ಟಿದೆ. ಅದನ್ನು ನನ್ನ ಹತ್ತಿರ ಬೆಲೆ ಕಟ್ಟಿಸಲು ತರಬೇಡಿ. ಕೆಂಪು ಹವಳ ಕೊಳ್ಳುವಾಗ "ನ್ಯಾಚುರಲ್" ಅಂತಷ್ಟೇ ಬರೆದ ಬಿಲ್ಲು ಸಾಲದು, ಬಿದಿರು ಹವಳವೂ ನ್ಯಾಚುರಲ್ಲೇ ಅಲ್ವಾ? ಬಣ್ಣ ಹಾಕಿಲ್ಲ ಅಂತ ಬರೆಸಿಕೊಳ್ಳಿ.