ಮನೆಯಲ್ಲಿ ಉಬುಂಟು ಇದೆ, ಏಜೆನ್ಸಿ ಟ್ರಾಡೋಸ್ ಕೇಳುತ್ತಿದೆ: ಹೊಸ ಲ್ಯಾಪ್‌ಟಾಪ್ ಬೇಕಾ?

ಓದುಗರ ಪ್ರಶ್ನೆ: ನಾನು ಬದಿಯಡ್ಕ ಕಡೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಅಧ್ಯಾಪಿಕೆ. ಬಿಡುವಿನಲ್ಲಿ ಮಲಯಾಳದಿಂದ ಕನ್ನಡಕ್ಕೆ ಅನುವಾದ ಮಾಡುತ್ತೇನೆ. ಶಾಲೆಯಲ್ಲಿ ಲಿನಕ್ಸ್ (ವಿಂಡೋಸ್ ಬದಲಿಗೆ ಕಂಪ್ಯೂಟರ್ ನಡೆಸುವ ಉಚಿತ ವ್ಯವಸ್ಥೆ) ಬಳಸಿ ಅಭ್ಯಾಸವಾದ್ದರಿಂದ ಮನೆಯ ಲ್ಯಾಪ್‌ಟಾಪ್‌ಗೂ ಅದರದೇ ಒಂದು ಬಗೆಯಾದ ಉಬುಂಟು ಹಾಕಿಸಿದ್ದೇನೆ. ಈಗ ಒಂದು ಅನುವಾದ ಏಜೆನ್ಸಿಯವರು ಟ್ರಾಡೋಸ್ ಎಂಬ ಅನುವಾದಕರ ಸಾಫ್ಟ್‌ವೇರ್ ಬೇಕೇ ಬೇಕು ಅನ್ನುತ್ತಿದ್ದಾರೆ. ಅದು ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದಂತೆ. ಇದಕ್ಕಾಗಿ ಇನ್ನೊಂದು ಲ್ಯಾಪ್‌ಟಾಪ್ ತೆಗೆದುಕೊಳ್ಳಬೇಕಾ?

ಉತ್ತರ: ಬೇಡ. ಕೊನೇಪಕ್ಷ ಈಗಲೇ ಬೇಡ. ಮೊದಲು ಏಜೆನ್ಸಿಗೆ ಒಂದು ಮಾತು ಕೇಳಿ: “ನೀವು ಯಾವ ತರಹದ ಫೈಲ್ ಕಳಿಸುತ್ತೀರಿ, ಯಾವ ತರಹದ ಫೈಲ್ ವಾಪಸ್ ಬೇಕು?” ನಿಮ್ಮ ಖರ್ಚು ನಿಂತಿರುವುದು ಈ ಉತ್ತರದ ಮೇಲೆ. ಟ್ರಾಡೋಸ್ ಬೇಕು ಅನ್ನುವವರಿಗೆ ಎಷ್ಟೋ ಸಲ ಬೇಕಾಗಿರುವುದು ಆ ಸಾಫ್ಟ್‌ವೇರ್ ಅಲ್ಲ, ಅದರಲ್ಲಿ ಸರಿಯಾಗಿ ತೆರೆಯುವ ಫೈಲ್.

ಈ ಪ್ರಶ್ನೆ ಕಾಸರಗೋಡಿನಿಂದ ಜಾಸ್ತಿ ಬರುವುದಕ್ಕೆ ಕಾರಣ ಇದೆ. ಕೇರಳದ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ಅಂದರೆ ಲಿನಕ್ಸ್. ಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣ ತಂದ ಸರ್ಕಾರದ ಐಟಿ@ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಸಂಸ್ಥೆಯಾಯಿತು. ಅವರು ಉಬುಂಟುವನ್ನೇ ಶಾಲೆಗಳಿಗೆ ಹೊಂದುವಂತೆ ಮಾಡಿಕೊಡುತ್ತಾರೆ. ಹಾಗಾಗಿ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಕನ್ನಡ ಶಾಲೆಯ ಅಧ್ಯಾಪಕರಿಗೆ ಲಿಬ್ರೆ ಆಫೀಸ್ ಗೊತ್ತು, ಯೂನಿಕೋಡ್‌ನಲ್ಲಿ ಟೈಪ್ ಮಾಡುವುದು ಗೊತ್ತು. ಎರಡೂ ಭಾಷೆ ಬಲ್ಲ ಇಂಥವರು ಅನುವಾದಕ್ಕೆ ಬರುವುದು ಈ ಜಿಲ್ಲೆಗೆ ತುಂಬಾ ಮುಖ್ಯ. 1969ರ ಅಧಿಕೃತ ಭಾಷಾ ಕಾನೂನಿನ ಪ್ರಕಾರ ಕೇರಳದ ಕನ್ನಡಿಗರು ಸರ್ಕಾರದ ಜೊತೆ ಕನ್ನಡದಲ್ಲಿ ವ್ಯವಹರಿಸಬಹುದು. ಆದರೆ ಸುತ್ತೋಲೆ, ಅರ್ಜಿ, ನೋಟೀಸು ಮೊದಲು ತಯಾರಾಗುವುದು ಮಲಯಾಳದಲ್ಲೇ. ಅದನ್ನು ಕನ್ನಡಕ್ಕೆ ತರುವವರು ಸಿಗದಿದ್ದರೆ ಎಣ್ಮಕಜೆಯ ಅಜ್ಜಿಗೆ ಪೆನ್ಶನ್ ಅರ್ಜಿಯ ಕೊನೆಯ ದಿನ ಯಾವುದೆಂದು ಗೊತ್ತಾಗುವುದು ಹೇಗೆ? ವಿಂಡೋಸ್ ಇಲ್ಲ ಅನ್ನುವ ಒಂದೇ ಕಾರಣಕ್ಕೆ ಒಳ್ಳೆಯ ಅನುವಾದಕರು ಹಿಂದೆ ಸರಿಯಬಾರದು.

ಟ್ರಾಡೋಸ್ ತಾನಾಗಿ ಅನುವಾದ ಮಾಡಿಕೊಡುವ ಯಂತ್ರವಲ್ಲ. ಅದರ ಮುಖ್ಯ ಕೆಲಸ ನೆನಪಿಟ್ಟುಕೊಳ್ಳುವುದು. ಫೈಲನ್ನು ವಾಕ್ಯ ವಾಕ್ಯವಾಗಿ ಒಡೆದು ತೋರಿಸುತ್ತದೆ. ನೀವು ಬರೆದ ಕನ್ನಡ ವಾಕ್ಯವನ್ನು ಮೂಲದ ಜೊತೆ ಜೋಡಿ ಮಾಡಿ ಇಟ್ಟುಕೊಳ್ಳುತ್ತದೆ. ಮುಂದೆ ಅದೇ ವಾಕ್ಯವೋ ಅದಕ್ಕೆ ಹತ್ತಿರದ್ದೋ ಬಂದರೆ ಹಳೆಯ ಅನುವಾದವನ್ನು ಎದುರಿಗೆ ತರುತ್ತದೆ. ಸರ್ಕಾರಿ ಸುತ್ತೋಲೆಗಳಿಗೆ ಇದು ಹೇಳಿ ಮಾಡಿಸಿದ ಹಾಗಿದೆ. “ಅರ್ಜಿಯ ಜೊತೆ ಈ ಕೆಳಗಿನ ದಾಖಲೆಗಳನ್ನು ಲಗತ್ತಿಸಬೇಕು” ಅನ್ನುವ ಸಾಲು ಪಂಚಾಯತ್ ಕಾಗದಗಳಲ್ಲಿ ಎಷ್ಟು ಸಲ ಬರುತ್ತದೆ, ನೀವೇ ನೋಡಿದ್ದೀರಲ್ಲ. ಈ ನೆನಪಿನ ಭಂಡಾರಕ್ಕೆ ಟಿಎಂ (ಟ್ರಾನ್ಸ್‌ಲೇಶನ್ ಮೆಮೊರಿ) ಅನ್ನುತ್ತಾರೆ. ಇದನ್ನು ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಸಾಗಿಸಲು ಟಿಎಂಎಕ್ಸ್ ಅನ್ನುವ ಸಾಮಾನ್ಯ ಫೈಲ್ ಮಾದರಿ ಇದೆ. ಅನುವಾದ ಮಾಡಬೇಕಾದ ವಾಕ್ಯಗಳನ್ನು ಸಾಗಿಸಲು ಎಕ್ಸ್‌ಲಿಫ್ ಇದೆ. ಇವೆರಡೂ ಯಾವ ಒಂದು ಕಂಪನಿಯ ಆಸ್ತಿಯೂ ಅಲ್ಲ. ಲಿನಕ್ಸ್‌ನಲ್ಲಿ ಕೂತು ವಿಂಡೋಸ್‌ನವರ ಜೊತೆ ಕೆಲಸ ಮಾಡಲು ಸಾಧ್ಯವಾಗುವುದೇ ಇವುಗಳಿಂದ.

ಉಬುಂಟುವಿನಲ್ಲೇ ಟ್ರಾಡೋಸ್ ಹಾಕಬಹುದಾ ಅಂತ ಹುಡುಕಿದರೆ ಮೊದಲು ಕಾಣುವ ಹೆಸರು ವೈನ್. ವಿಂಡೋಸ್‌ಗಾಗಿ ಬರೆದ ಪ್ರೋಗ್ರಾಂ “ಈ ಕಿಟಕಿ ತೆರೆ, ಆ ಫೈಲ್ ಓದು” ಎಂದು ವಿಂಡೋಸ್‌ನ ಮಾತಿನಲ್ಲಿ ಕೇಳುತ್ತದೆ. ವಿಲೇಜ್ ಆಫೀಸಿನ ಕೌಂಟರಿನಲ್ಲಿ ಮಲಯಾಳ ಬಾರದವರ ಪರವಾಗಿ ಮಾತಾಡುವ ನೆರೆಮನೆಯವರ ಹಾಗೆ, ವೈನ್ ಅದನ್ನು ಲಿನಕ್ಸ್‌ಗೆ ತಿಳಿಯುವಂತೆ ದಾಟಿಸುತ್ತದೆ. 1993ರಿಂದ ನಡೆದು ಬಂದ ದೊಡ್ಡ ಕೆಲಸ ಇದು. ಸಣ್ಣ ಪ್ರೋಗ್ರಾಂಗಳು ಇದರಲ್ಲಿ ಚೆನ್ನಾಗಿ ನಡೆಯುತ್ತವೆ. ಆದರೆ ಟ್ರಾಡೋಸ್ ಸ್ಟುಡಿಯೋ ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಮೇಲೆ ಕಟ್ಟಿದ ಭಾರೀ ಸಾಫ್ಟ್‌ವೇರ್. ವೈನ್‌ನಲ್ಲಿ ಅದನ್ನು ನಂಬಿ ಗಡುವಿನ ಕೆಲಸ ಒಪ್ಪಿಕೊಳ್ಳಬೇಡಿ. ಸುಮ್ನೆ ದಿನಗಳು ಹಾಳಾಗುತ್ತವೆ.

ಟ್ರಾಡೋಸ್ ಬೇಕೇ ಬೇಕೆಂದಾದರೆ ನಂಬಬಹುದಾದ ದಾರಿ ವರ್ಚುವಲ್ ಮೆಷೀನ್, ಅಂದರೆ ಕಂಪ್ಯೂಟರಿನೊಳಗೇ ಸಾಫ್ಟ್‌ವೇರ್‌ನಿಂದ ಮಾಡಿದ ಇನ್ನೊಂದು ಕಂಪ್ಯೂಟರ್. ವರ್ಚುವಲ್‌ಬಾಕ್ಸ್ ಹಾಕಿ ಅದರೊಳಗೆ ಪೂರ್ತಿ ವಿಂಡೋಸ್ ಕೂರಿಸುವುದು. ಇಲ್ಲಿ ಲೆಕ್ಕ ನೋಡಿ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಬೇಕು. ಹೊರಗಿನ ಉಬುಂಟುವಿಗೂ ಉಸಿರಾಡಲು ರ‍್ಯಾಮ್ ಬೇಕಲ್ಲ. 8 ಜಿಬಿ ಇರುವ ಲ್ಯಾಪ್‌ಟಾಪ್ ಒದ್ದಾಡುತ್ತದೆ, 16 ಇದ್ದರೆ ಆರಾಮ. ವಿಂಡೋಸ್ ಲೈಸೆನ್ಸ್ ಬೇರೆ, ಟ್ರಾಡೋಸ್ ಲೈಸೆನ್ಸ್ ಬೇರೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹಾಗಾಗಿ ಹಳೆಯ ಸಿಡಿ ಹುಡುಕುವುದರಲ್ಲಿ ಅರ್ಥವಿಲ್ಲ. ಒಂದು ಎಚ್ಚರಿಕೆ: ಟ್ರಾಡೋಸ್ ಲೈಸೆನ್ಸನ್ನು ಒಂದು ಕಂಪ್ಯೂಟರಿನಲ್ಲಿ ಚಾಲೂ ಮಾಡಿದರೆ ಅದು ಅಲ್ಲಿಗೇ ಅಂಟಿಕೊಳ್ಳುತ್ತದೆ. ವರ್ಚುವಲ್ ಮೆಷೀನನ್ನು ಅಳಿಸುವ ಮೊದಲು ಲೈಸೆನ್ಸ್ ಬಿಡಿಸಿಕೊಳ್ಳಿ. ಇನ್ನು, ಇದೆಲ್ಲ ಪ್ರಯೋಗ ಶಾಲೆಯ ಲ್ಯಾಪ್‌ಟಾಪಿನಲ್ಲಿ ಖಂಡಿತ ಬೇಡ. ಅದು ಮಕ್ಕಳದ್ದು.

ಬ್ರೌಸರ್ ದಾರಿಯೂ ಇದೆ. ಟ್ರಾಡೋಸ್ ತರಹದ್ದೇ ಕೆಲಸ ಮಾಡುವ ಆನ್‌ಲೈನ್ ಸಾಧನಗಳಿವೆ. ಫ್ರೇಸ್, ಸ್ಮಾರ್ಟ್‌ಕ್ಯಾಟ್, ಮೇಟ್‌ಕ್ಯಾಟ್, ವರ್ಡ್‌ಫಾಸ್ಟ್ ಎನಿವೇರ್ ಇವೆಲ್ಲ ಫೈರ್‌ಫಾಕ್ಸ್ ಅಥವಾ ಕ್ರೋಮ್‌ನಲ್ಲಿ ತೆರೆಯುತ್ತವೆ. ಟ್ರಾಡೋಸ್‌ಗೂ ಆನ್‌ಲೈನ್ ಎಡಿಟರ್ ಇದೆ. ಏಜೆನ್ಸಿಯವರು ಅದನ್ನು ಬಳಸುತ್ತಿದ್ದರೆ ನಿಮಗೊಂದು ಲಾಗಿನ್ ಕೊಟ್ಟರೆ ಸಾಕು. ತೊಂದರೆ ಎಂದರೆ ನೆಟ್ ಹೋದರೆ ಕೆಲಸವೂ ನಿಂತಿತು. ಮಳೆಗಾಲದಲ್ಲಿ ಕರೆಂಟೂ ನೆಟ್ಟೂ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ.

ನನ್ನ ಸಲಹೆ ಒಮೇಗಾಟಿ. ಟ್ರಾಡೋಸ್ ಹಾಗೆಯೇ ವಾಕ್ಯ ಒಡೆದು ತೋರಿಸಿ ಅನುವಾದ ನೆನಪಿಟ್ಟುಕೊಳ್ಳುವ ಸಾಫ್ಟ್‌ವೇರ್. ಇದು ಉಚಿತ, ಮುಕ್ತ ತಂತ್ರಾಂಶ. ಜಾವಾ ಎಂಬ ಪ್ರೋಗ್ರಾಂ ಭಾಷೆಯಲ್ಲಿ ಬರೆದದ್ದರಿಂದ ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಒಂದೇ ತರಹ ನಡೆಯುತ್ತದೆ. ಉಬುಂಟು ತಾನೇ ಕೊಡುವ ಸಾಫ್ಟ್‌ವೇರ್ ಭಂಡಾರದಲ್ಲಿ ಹಳೆಯ ಆವೃತ್ತಿ ಇರುವ ಸಾಧ್ಯತೆ ಹೆಚ್ಚು. ಒಮೇಗಾಟಿ ತಾಣದಿಂದ ಜಾವಾ ಸೇರಿಸಿಯೇ ಕೊಡುವ ಹೊಸ ಆವೃತ್ತಿ ಇಳಿಸಿಕೊಳ್ಳಿ.

ಹೊಸ ಪ್ರಾಜೆಕ್ಟ್ ಶುರು ಮಾಡುವಾಗ ಮೂಲ ಭಾಷೆಗೆ ಎಂಎಲ್, ಗುರಿ ಭಾಷೆಗೆ ಕೆಎನ್ ಎಂದು ಕೊಡಿ. ಕೆಲವು ಫೋಲ್ಡರ್‌ಗಳು ತಾವಾಗಿ ಹುಟ್ಟುತ್ತವೆ. ಮಲಯಾಳ ಫೈಲನ್ನು ‘ಸೋರ್ಸ್’ನಲ್ಲಿ ಹಾಕಿ. ಏಜೆನ್ಸಿ ಕೊಟ್ಟ ಟಿಎಂಎಕ್ಸ್ ಇದ್ದರೆ ‘ಟಿಎಂ’ನಲ್ಲಿ ಹಾಕಿ. ಪದಪಟ್ಟಿಯನ್ನು ‘ಗ್ಲಾಸರಿ’ಯಲ್ಲಿ ಇಡಿ. ಕೆಲಸ ಮುಗಿದ ಮೇಲೆ ಕಂಟ್ರೋಲ್ ಮತ್ತು ಡಿ ಒತ್ತಿದರೆ ಕನ್ನಡ ಫೈಲ್ ‘ಟಾರ್ಗೆಟ್’ನಲ್ಲಿ ಬರುತ್ತದೆ. ದಪ್ಪಕ್ಷರ, ಕೋಷ್ಟಕ ಎಲ್ಲ ಮೂಲದಲ್ಲಿ ಇದ್ದ ಹಾಗೇ ಇರುತ್ತವೆ. ಹಳೆಯ ಡಾಕ್ ಫೈಲನ್ನು ಮಾತ್ರ ಇದು ಓದುವುದಿಲ್ಲ. ಲಿಬ್ರೆ ಆಫೀಸ್‌ನಲ್ಲಿ ತೆರೆದು ಡಾಕ್ಸ್ ಅಥವಾ ಒಡಿಟಿ ಮಾಡಿ ಉಳಿಸಿಕೊಂಡು ಹಾಕಬೇಕು.

ಕನ್ನಡದವರಿಗೆ ಎರಡು ಹೊಂದಾಣಿಕೆ ಬೇಕಾಗುತ್ತದೆ. ಒಂದು, ಫಾಂಟ್. ಒಂದೇ ಕಿಟಕಿಯಲ್ಲಿ ಮಲಯಾಳವೂ ಕನ್ನಡವೂ ಕಾಣಬೇಕು. ಬರೀ ಕನ್ನಡದ ಫಾಂಟ್ ಆರಿಸಿದರೆ ಮಲಯಾಳ ಚೌಕ ಚೌಕವಾಗಿ ಕಾಣಬಹುದು. ಸೆಟ್ಟಿಂಗ್‌ನಲ್ಲಿ ‘ಡೈಲಾಗ್’ ಎಂಬ ಹೆಸರನ್ನು ಆರಿಸಿ. ಅದು ಒಂದು ಫಾಂಟ್ ಅಲ್ಲ, ಜಾವಾ ತನಗೆ ಬೇಕಾದ ಫಾಂಟನ್ನು ಲಿಪಿ ನೋಡಿ ತೆಗೆದುಕೊಳ್ಳಲಿ ಎಂಬ ಅಪ್ಪಣೆ. ಎರಡನೆಯದು ವಾಕ್ಯ ಒಡೆಯುವ ನಿಯಮ. ಚುಕ್ಕಿ ಕಂಡಲ್ಲಿ ವಾಕ್ಯ ಮುಗಿಯಿತು ಎಂದುಕೊಂಡರೆ ‘ಡಾ.’ ಆದಮೇಲೂ ‘ನಂ.’ ಆದಮೇಲೂ ತುಂಡಾಗುತ್ತದೆ. ಮಲಯಾಳ ಕಾಗದಗಳಲ್ಲಿ ಬರುವ ಇಂಥ ಚುಟುಕು ರೂಪಗಳನ್ನು ಸೆಗ್ಮೆಂಟೇಶನ್ ಪಟ್ಟಿಗೆ ಒಮ್ಮೆ ಸೇರಿಸಿಬಿಡಿ. ಮುಂದೆ ತಲೆನೋವಿಲ್ಲ.

ಟೈಪಿಂಗ್‌ಗೆ ಉಬುಂಟುವಿನ ಕೀಲಿಮಣೆ ಪಟ್ಟಿಯಲ್ಲೇ ‘ಕಗಪ’ ವಿನ್ಯಾಸ ಇದೆ. ನುಡಿಯಲ್ಲಿ ಬೆರಳು ಪಳಗಿದವರಿಗೆ ಜಾಸ್ತಿ ಕಷ್ಟವಾಗದು. ಐಬಸ್ (ಲಿನಕ್ಸ್‌ನ ಇನ್ನೊಂದು ಟೈಪಿಂಗ್ ಸಾಧನ) ಬಳಸುವವರಿಗೆ ಜಾವಾ ಪ್ರೋಗ್ರಾಂಗಳಲ್ಲಿ ಅಕ್ಷರ ತಪ್ಪುವುದು ಕಂಡರೆ ಈ ವಿನ್ಯಾಸಕ್ಕೆ ಬದಲಾಯಿಸಿ ನೋಡಿ.

ಇಷ್ಟೆಲ್ಲ ಆದ ಮೇಲೂ ನಿಮ್ಮನ್ನು ನಿಜವಾಗಿ ಕಾಡುವುದು ವಿಂಡೋಸ್-ಲಿನಕ್ಸ್ ಜಗಳ ಅಲ್ಲ. ಅಕ್ಷರ. ಇದರ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹಳೆಯ ಮಲಯಾಳ ಫೈಲ್‌ಗಳು ಎಷ್ಟೋ ಇನ್ನೂ ಕಾರ್ತಿಕ ಫಾಂಟಿನಲ್ಲಿವೆ. ಹಳೆಯ ಕನ್ನಡ ಫೈಲ್‌ಗಳು ನುಡಿಯಲ್ಲೋ ಬರಹದಲ್ಲೋ ಇವೆ. ಇವು ಯೂನಿಕೋಡ್ ಅಲ್ಲ. ಯೂನಿಕೋಡ್ ಅಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಪದ್ಧತಿ; ಇಲ್ಲಿ ಹಾಗಿಲ್ಲ. ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಮೇಲೆ ಫಾಂಟಿನ ವೇಷ. ನಿಮ್ಮ ಉಬುಂಟುವಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಏನೇನೋ ಕಾಣುತ್ತದೆ. ಫಾಂಟ್ ಹಾಕಿಕೊಂಡರೆ ಓದಲು ಬರುತ್ತದೆ, ಆದರೆ ಅಲ್ಲಿಗೆ ನಿಲ್ಲಬೇಡಿ. ಟಿಎಂ ನೆನಪಿಟ್ಟುಕೊಳ್ಳುವುದು ಒಳಗಿನ ಆ ಗೋಜಲನ್ನೇ. ನಾಳೆ ಅದೇ ವಾಕ್ಯ ಯೂನಿಕೋಡ್‌ನಲ್ಲಿ ಬಂದರೆ ಅದಕ್ಕೆ ಗುರುತೇ ಸಿಗುವುದಿಲ್ಲ. ಮೊದಲು ಯೂನಿಕೋಡ್‌ಗೆ ಬದಲಾಯಿಸಿ, ಆಮೇಲೆ ಪ್ರಾಜೆಕ್ಟಿಗೆ ಹಾಕಿ. ಮಲಯಾಳಕ್ಕೆ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದವರ ‘ಪಯ್ಯನ್ಸ್’ ಇದೆ. ಕನ್ನಡಕ್ಕೂ ಉಚಿತ ಪರಿವರ್ತಕಗಳು ಸಿಗುತ್ತವೆ. ಬದಲಾಯಿಸಿದ ಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ನೋಡಿ, ತಪ್ಪುವುದು ಅಲ್ಲೇ. ಕೊನೆಯಲ್ಲಿ ಡಿಟಿಪಿ ಅಂಗಡಿಯವರು ನುಡಿ ಫಾಂಟೇ ಬೇಕು ಅಂದರೆ ಆ ಬದಲಾವಣೆ ಅವರೇ ಮಾಡಿಕೊಳ್ಳಲಿ. ನಿಮ್ಮ ಟಿಎಂ ಯೂನಿಕೋಡ್‌ನಲ್ಲೇ ಉಳಿಯಬೇಕು.

ಯೂನಿಕೋಡ್ ಆದರೂ ಮಲಯಾಳದಲ್ಲಿ ಇನ್ನೊಂದು ತೊಡಕಿದೆ. ಪದದ ಕೊನೆಗೆ ಬರುವ ನ್, ಲ್, ರ್, ಳ್, ಣ್‌ಗಳಿಗೆ ಆ ಲಿಪಿಯಲ್ಲಿ ಚಿಲ್ಲು ಅಕ್ಷರಗಳಿವೆ. ಮೊದಲು ಇವನ್ನು ಮೂಲ ಅಕ್ಷರ, ಚಂದ್ರಕ್ಕಲ (ಮಲಯಾಳದ ಹಲಂತ ಚಿಹ್ನೆ) ಮತ್ತು ಕಣ್ಣಿಗೆ ಕಾಣದ ಒಂದು ಜೋಡಕ ಸೇರಿಸಿ ಮೂಡಿಸುತ್ತಿದ್ದರು. 2008ರಲ್ಲಿ ಯೂನಿಕೋಡ್ 5.1 ಬಂದಾಗ ಅವಕ್ಕೆ ಬೇರೆಯೇ ಸಂಕೇತ ಸಿಕ್ಕಿತು. ಈಗ ಎರಡೂ ಬಗೆಯ ಫೈಲ್‌ಗಳು ಓಡಾಡುತ್ತಿವೆ. ಪರದೆಯ ಮೇಲೆ ಒಂದೇ ತರಹ ಕಾಣುತ್ತವೆ. ಆದರೆ ಕಂಪ್ಯೂಟರಿಗೆ ಅವು ಬೇರೆ ಬೇರೆ. ಹೋದ ವರ್ಷದ ಸುತ್ತೋಲೆ ಹಳೆಯ ಬಗೆ, ಈ ವರ್ಷದ್ದು ಹೊಸ ಬಗೆ ಎಂದಾದರೆ ಅದೇ ವಾಕ್ಯ ಮತ್ತೆ ಬಂದರೂ ಪೂರ್ತಿ ಹೊಂದಿಕೆ ಸಿಗುವುದಿಲ್ಲ, ಪದಪಟ್ಟಿಯೂ ಕೆಲಸ ಮಾಡುವುದಿಲ್ಲ. ಎಷ್ಟೋ ಜನ ಇದನ್ನು ಲಿನಕ್ಸ್‌ನ ದೋಷ ಎಂದುಕೊಳ್ಳುತ್ತಾರೆ. ವಿಂಡೋಸ್‌ನಲ್ಲೂ ಇದು ಹೀಗೇ. ಪರಿಹಾರ ಸುಲಭ. ಫೈಲನ್ನು ಲಿಬ್ರೆ ಆಫೀಸ್‌ನಲ್ಲಿ ತೆರೆಯಿರಿ. ಹಳೆಯ ಬಗೆಯ ಚಿಲ್ಲನ್ನು ಅಲ್ಲಿಂದಲೇ ಕಾಪಿ ಮಾಡಿ ‘ಹುಡುಕು’ ಪೆಟ್ಟಿಗೆಗೆ ಹಾಕಿ, ಹೊಸ ಬಗೆಯದನ್ನು ‘ಬದಲಿಸು’ ಪೆಟ್ಟಿಗೆಗೆ ಹಾಕಿ. ಐದು ಅಕ್ಷರಕ್ಕೆ ಐದು ಸಲ. ಆಮೇಲೆ ಫೈಲನ್ನು ‘ಸೋರ್ಸ್’ಗೆ ಸೇರಿಸಿ.

ಕನ್ನಡದಲ್ಲೂ ಸಣ್ಣ ಪ್ರಮಾಣದಲ್ಲಿ ಇದೇ ಪಾಡು. ‘ರ‍್ಯಾಂಕ್’ ಎಂದು ಬರೆಯುವಾಗ ನಡುವೆ ಕಾಣದ ಜೋಡಕ ಬೇಕಾಗುತ್ತದೆ. ಒಬ್ಬರು ಹಾಕುತ್ತಾರೆ, ಇನ್ನೊಬ್ಬರು ಬೇರೆ ರೀತಿ ಬರೆಯುತ್ತಾರೆ. ಇಬ್ಬರು ಸೇರಿ ಒಂದು ಪುಸ್ತಕ ಅನುವಾದಿಸುವಾಗ ಇದನ್ನು ಮೊದಲೇ ಮಾತಾಡಿಕೊಳ್ಳಿ.

ಮ್ಯಾಕ್ ಇರುವವರಿಗೂ ಹೆಚ್ಚುಕಡಿಮೆ ಇದೇ ಉತ್ತರ. ಒಮೇಗಾಟಿ ನೇರವಾಗಿ ನಡೆಯುತ್ತದೆ, ಟ್ರಾಡೋಸ್‌ಗೆ ವರ್ಚುವಲ್ ಮೆಷೀನ್ ಬೇಕು. 2020ರ ನಂತರದ ಎಂ ಸರಣಿಯ ಮ್ಯಾಕ್ ಆದರೆ ಅದರೊಳಗೆ ಹಾಕುವ ವಿಂಡೋಸ್ ಕೂಡ ಆ ಮ್ಯಾಕ್‌ನ ಪ್ರೊಸೆಸರಿಗೆ ಹೊಂದುವ ಎಆರ್‌ಎಂ ಬಗೆಯದ್ದೇ ಆಗಿರಬೇಕು.

ಈಗ ನಿಮ್ಮ ಏಜೆನ್ಸಿಯ ವಿಷಯ. ಟ್ರಾಡೋಸ್‌ನವರು ಸಾಮಾನ್ಯವಾಗಿ ಕಳಿಸುವುದು ಎಸ್‌ಡಿಎಲ್‌ಪಿಪಿಎಕ್ಸ್ ಎಂಬ ಪ್ಯಾಕೇಜ್. ನಿಜಕ್ಕೂ ಅದೊಂದು ಜಿಪ್ ಫೈಲ್. ಒಳಗೆ ಎಸ್‌ಡಿಎಲ್‌ಎಕ್ಸ್‌ಲಿಫ್ ಫೈಲ್‌ಗಳಿರುತ್ತವೆ, ಅವು ಎಕ್ಸ್‌ಲಿಫ್‌ನ ಜಾತಿಯವೇ. ಪ್ಯಾಕೇಜ್ ಬದಲು ಆ ಫೈಲ್‌ಗಳನ್ನೇ ಬಿಡಿಯಾಗಿ ಕಳಿಸಲು ಕೇಳಿ. ಹೊಸ ಒಮೇಗಾಟಿ ಅವನ್ನು ತೆರೆಯುತ್ತದೆ. ತೆರೆಯದಿದ್ದರೆ ಓಕಾಪಿ ಎಂಬ ಉಚಿತ ಪ್ಲಗಿನ್ ಸೇರಿಸಬಹುದು. ನಡುನಡುವೆ ಕಾಣುವ ಟ್ಯಾಗ್‌ಗಳನ್ನು (ದಪ್ಪಕ್ಷರದಂಥ ವಿನ್ಯಾಸದ ಗುರುತುಗಳನ್ನು) ಅಳಿಸಬೇಡಿ, ಕನ್ನಡ ವಾಕ್ಯದಲ್ಲಿ ಸರಿಯಾದ ಜಾಗಕ್ಕೆ ಸರಿಸಿ. ಮಲಯಾಳದ ಪದಕ್ರಮ ಕನ್ನಡಕ್ಕೆ ತುಂಬಾ ಹತ್ತಿರ, ಹಾಗಾಗಿ ಇಂಗ್ಲಿಷಿನಿಂದ ಅನುವಾದಿಸುವವರಷ್ಟು ಕಷ್ಟ ನಿಮಗಿಲ್ಲ.

ಕೆಲಸ ಒಪ್ಪಿಕೊಳ್ಳುವ ಮೊದಲು ಒಂದು ಪುಟದ ಮಾದರಿ ಫೈಲ್ ತರಿಸಿಕೊಳ್ಳಿ. ನಾಲ್ಕು ವಾಕ್ಯ ಅನುವಾದಿಸಿ ವಾಪಸ್ ಕಳಿಸಿ. ಅವರ ಟ್ರಾಡೋಸ್‌ನಲ್ಲಿ ಅದು ಸರಿಯಾಗಿ ತೆರೆಯಿತಾ, ಕನ್ನಡ ಸರಿಯಾಗಿ ಕಂಡಿತಾ ಎಂದು ಕೇಳಿ. ಹೌದು ಅಂದರೆ ಉಬುಂಟುವಿನಲ್ಲೇ ಮುಂದುವರಿಯಿರಿ. ಇಲ್ಲ, ಪ್ಯಾಕೇಜ್ ಬಿಟ್ಟು ಬೇರೇನೂ ಆಗದು ಎಂದು ಅವರು ಪಟ್ಟು ಹಿಡಿದರೆ ವರ್ಚುವಲ್ ಮೆಷೀನ್ ಲೆಕ್ಕ ಹಾಕಿ. ಆ ಖರ್ಚು ತುಂಬುವಷ್ಟು ಕೆಲಸ ಅವರು ಕೊಡುತ್ತಾರಾ ಎಂದು ಬರವಣಿಗೆಯಲ್ಲೇ ಕೇಳಿ. ಒಮೇಗಾಟಿಯಲ್ಲಿ ಕೆಲಸ ಮಾಡುವುದಾದರೆ ಪ್ರಾಜೆಕ್ಟಿನೊಳಗೆ ‘ಒಮೇಗಾಟಿ’ ಹೆಸರಿನ ಫೋಲ್ಡರ್‌ನಲ್ಲಿ ಕೂತಿರುವ ‘ಪ್ರಾಜೆಕ್ಟ್ ಸೇವ್’ ಎಂಬ ಟಿಎಂಎಕ್ಸ್ ಫೈಲನ್ನು ಪ್ರತಿದಿನ ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ. ನೀವು ಅನುವಾದಿಸಿದ ಪ್ರತಿ ವಾಕ್ಯವೂ ಇರುವುದು ಅದರಲ್ಲೇ.