ಮ್ಯಾಮೊಗ್ರಾಂ ಸರಿಯಿದೆ ಎಂದ ಮೇಲೆ ಬಯಾಪ್ಸಿ ಏಕೆ?

ಪ್ರಶ್ನೆ: ಸ್ತನ ಉಳಿಸುವ ಶಸ್ತ್ರಚಿಕಿತ್ಸೆ ಮತ್ತು ರೇಡಿಯೇಷನ್ ಮುಗಿದು 7 ವರ್ಷಗಳಾದವು. ಈಗ ಅದೇ ಸ್ತನದ ಚರ್ಮದಲ್ಲಿ ನೇರಳೆ ಬಣ್ಣದ ಕಲೆ ಮೂಡಿದೆ. ಮ್ಯಾಮೊಗ್ರಾಂನಲ್ಲಿ ಏನೂ ಇಲ್ಲ. ಆದರೂ ವೈದ್ಯರು ಬಯಾಪ್ಸಿ ಬೇಕೆನ್ನುತ್ತಾರೆ. ಅಗತ್ಯವೇ?

ಉತ್ತರ: ಅಗತ್ಯ. ಕಾರಣವನ್ನು ಮತ್ತೊಮ್ಮೆ ಬರೆಯುತ್ತಿದ್ದೇನೆ, ಏಕೆಂದರೆ ‘ಮ್ಯಾಮೊಗ್ರಾಂ ನಾರ್ಮಲ್, ಹಾಗಾಗಿ ಕ್ಯಾನ್ಸರ್ ಇಲ್ಲ’ ಎಂಬ ನಂಬಿಕೆ ಎಷ್ಟು ಬಾರಿ ಕಿತ್ತರೂ ಮತ್ತೆ ಚಿಗುರುತ್ತದೆ.

ವೈದ್ಯರ ಶಂಕೆ ಆಂಜಿಯೋಸಾರ್ಕೋಮಾದ ಮೇಲೆ, ಅಂದರೆ ರಕ್ತನಾಳಗಳ ಒಳಪದರದ ಜೀವಕೋಶಗಳಿಂದ ಹುಟ್ಟುವ ಅಪರೂಪದ ಕ್ಯಾನ್ಸರ್ ಮೇಲೆ. ವಿಕಿರಣ ಪಡೆದ ಸ್ತನದಲ್ಲಿ ಇದು ಬಹುಮಟ್ಟಿಗೆ ಚರ್ಮದಲ್ಲೇ ಆರಂಭವಾಗುತ್ತದೆ. ಮ್ಯಾಮೊಗ್ರಾಂ ಇರುವುದು ಸ್ತನದೊಳಗಿನ ಗಂಟುಗಳನ್ನೂ ಸುಣ್ಣದ ಕಣಗಳನ್ನೂ ಹುಡುಕುವುದಕ್ಕೆ. ಚರ್ಮದಲ್ಲಿ ತೆಳುವಾಗಿ ಹರಡುವ ಕಲೆ ಅದರಲ್ಲಿ ಕಾಣದೆಯೇ ಹೋಗಬಹುದು. ಚರ್ಮ ತುಸು ದಪ್ಪವಾದಂತೆ ಕಂಡರೂ, ವಿಕಿರಣದ ನಂತರ ಅದು ಸಾಮಾನ್ಯವಾದ್ದರಿಂದ, ಚಿಕಿತ್ಸೆಯ ಪರಿಣಾಮವೆಂದೇ ದಾಖಲಾಗಬಹುದು. ವರದಿಯಲ್ಲಿ ಸುಳ್ಳೇನಿಲ್ಲ, ಚರ್ಮದ ಬಗ್ಗೆ ತೀರ್ಪು ಹೇಳುವ ಸಾಮರ್ಥ್ಯ ಆ ಪರೀಕ್ಷೆಗೆ ಇಲ್ಲ, ಅಷ್ಟೆ.

‘ಎಲ್ಲೋ ತಾಗಿಸಿಕೊಂಡಿರಬೇಕು’ ಎಂಬುದು ಈ ನಂಬಿಕೆಯ ಬೆನ್ನಿಗೇ ಬರುವ ಮಾತು. ಪೆಟ್ಟಿನ ಕಲೆ ಹಸಿರಿಗೆ, ಹಳದಿಗೆ ತಿರುಗಿ ಎರಡು ಮೂರು ವಾರಗಳಲ್ಲಿ ಮಾಯವಾಗುತ್ತದೆ. ಇದು ಹಾಗೆ ಮಾಯವಾಗದು; ಅಂಚು ಮೆಲ್ಲನೆ ಹರಡುತ್ತದೆ, ಪಕ್ಕದಲ್ಲಿ ಮತ್ತೊಂದು ಕಲೆ ಮೂಡಬಹುದು, ಕೆಲವೊಮ್ಮೆ ಗಂಟಾಗಿ ಉಬ್ಬಿ ರಕ್ತ ಒಸರುತ್ತದೆ. ನೋವಿಲ್ಲವೆಂದು ಸುಮ್ಮನಿರುವಂತಿಲ್ಲ. 5 ವರ್ಷ ದಾಟಿತು, ಇನ್ನು ಭಯವಿಲ್ಲ ಎಂಬ ಲೆಕ್ಕವೂ ಇಲ್ಲಿ ನಡೆಯದು, ಏಕೆಂದರೆ ಈ ರೋಗ ಹೆಚ್ಚಾಗಿ ಕಾಣಿಸಿಕೊಳ್ಳುವುದೇ ಚಿಕಿತ್ಸೆಯ 5ರಿಂದ 10 ವರ್ಷಗಳ ನಂತರ.

ಸೂಜಿಯಿಂದ ಹೀರಿ ತೆಗೆದ ಜೀವಕೋಶಗಳು ಇಲ್ಲಿ ಸಾಲವು. ಪಂಚ್ ಬಯಾಪ್ಸಿಯ ಮೂಲಕ ಚರ್ಮದ ಪೂರ್ತಿ ದಪ್ಪದ ತುಣುಕನ್ನು, ಸಾಧ್ಯವಾದರೆ ಒಂದಕ್ಕಿಂತ ಹೆಚ್ಚು ಜಾಗಗಳಿಂದ, ತೆಗೆಯಬೇಕು. ವಿಕಿರಣದಿಂದ ಕ್ಯಾನ್ಸರ್ ಅಲ್ಲದ ರಕ್ತನಾಳದ ಬೆಳವಣಿಗೆಗಳೂ ಮೂಡುವುದುಂಟು, ಮತ್ತು ಚಿಕ್ಕ ತುಣುಕಿನಲ್ಲಿ ಇವೆರಡನ್ನೂ ಬೇರ್ಪಡಿಸುವುದು ಕಷ್ಟ. ಆಗ ನೆರವಿಗೆ ಬರುವುದು ಎಂವೈಸಿ (MYC) ಎಂಬ ಜೀನ್‌ನ ಪರೀಕ್ಷೆ: ವಿಕಿರಣದ ನಂತರದ ಆಂಜಿಯೋಸಾರ್ಕೋಮಾದಲ್ಲಿ ಈ ಜೀನ್‌ನ ಪ್ರತಿಗಳು ಸಾಮಾನ್ಯವಾಗಿ ಹೆಚ್ಚಿರುತ್ತವೆ. ಲ್ಯಾಬ್‌ಗೆ ಹೋಗುವ ಚೀಟಿಯಲ್ಲಿ ‘ಚರ್ಮದ ಕಲೆ’ ಎಂದಷ್ಟೇ ಇದ್ದರೆ ತುಣುಕನ್ನು ಪರೀಕ್ಷಿಸುವ ವೈದ್ಯರಿಗೆ (ಪೆಥಾಲಜಿಸ್ಟ್) ಈ ಪರೀಕ್ಷೆ ಮಾಡುವ ಯೋಚನೆಯೇ ಬಾರದಿರಬಹುದು. ಆದ್ದರಿಂದ ಯಾವ ಸ್ತನಕ್ಕೆ, ಯಾವ ವರ್ಷ ರೇಡಿಯೇಷನ್ ಆಯಿತೆಂಬುದನ್ನು ಅದರಲ್ಲಿ ತಪ್ಪದೆ ಬರೆಸಿ. ವರದಿ ‘ಕ್ಯಾನ್ಸರ್ ಅಲ್ಲ’ ಎಂದ ಮೇಲೂ ಕಲೆ ಬೆಳೆಯುತ್ತಿದ್ದರೆ ಮತ್ತೊಮ್ಮೆ ಬಯಾಪ್ಸಿ ಮಾಡಿಸಬೇಕು.

ಹಾಗಾದರೆ ರೇಡಿಯೇಷನ್ ಪಡೆದದ್ದೇ ತಪ್ಪಾಯಿತೇ? ಪ್ರಶ್ನೆಯಲ್ಲಿ ಇದಿಲ್ಲ, ಆದರೆ ಓದುವವರ ಮನಸ್ಸಿನಲ್ಲಿ ಏಳದಿರದು. ಈ ಕ್ಯಾನ್ಸರ್ ಬರುವುದು ಸ್ತನಕ್ಕೆ ವಿಕಿರಣ ಪಡೆದ ಸಾವಿರ ಮಂದಿಯಲ್ಲಿ ಸುಮಾರು ಒಬ್ಬರಿಗೆ. ಇನ್ನೊಂದೆಡೆ, ಸ್ತನ ಉಳಿಸುವ ಶಸ್ತ್ರಚಿಕಿತ್ಸೆಗೆ ಒಳಗಾದ 10 ಸಾವಿರಕ್ಕೂ ಹೆಚ್ಚು ಮಹಿಳೆಯರ ಮಾಹಿತಿಯನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, 10 ವರ್ಷಗಳೊಳಗೆ ಮೊದಲಿನ ಕ್ಯಾನ್ಸರ್ ಮರುಕಳಿಸಿದ ಪ್ರಮಾಣ ರೇಡಿಯೇಷನ್ ಇಲ್ಲದವರಲ್ಲಿ ಶೇ 35, ಪಡೆದವರಲ್ಲಿ ಶೇ 19.